ಬೆಂಕಿ ಕಾಣದ ಕಾಳು

ಕಂತು ೬

"ಅಲ್ಲೇ ನಿಂದರ್ರಿ ಬಾಯಾರ. ಹೊಸ್ತಿಲ ದಾಟಬ್ಯಾಡ್ರಿ, ಒಳಗ ನವರಾತ್ರಿ ಘಟ ಕುಂತದ."

ಎತ್ತಿದ ಕಾಲನ್ನು ಮಹಜಬೀನ್ ಹಾಗೆಯೇ ಹಿಂದಕ್ಕೆ ಇಟ್ಟಳು. ಬೂಟುಗಳನ್ನು ಅವಳು ಕಟ್ಟೆಯ ಕೆಳಗೇ ಬಿಚ್ಚಿ ಬಂದಿದ್ದಳು. ಖಾಕಿಯನ್ನು ಮಾತ್ರ ಬಿಚ್ಚಿಡಲು ಬರುವುದಿಲ್ಲವಲ್ಲ. ದೇವರ ಕೋಣೆಯ ಬಾಗಿಲಿಗೆ ಅಡ್ಡ ಕಟ್ಟಿದ್ದ ಹಳೆಯ ಸೀರೆಯನ್ನು ಸೋನುಬಾಯಿ ಎಡಗೈಯಿಂದ ಬಿಗಿಯಾಗಿ ಹಿಡಿದು ನಿಂತಿದ್ದಳು. ಅವಳ ಬಲಗೈ ಸೆರಗಿನ ಒಳಗಿತ್ತು.

ಘಾಟಬೋರಾಳದ ಈ ಮನೆಯ ಮಗ ವೈಜಿನಾಥನನ್ನು ಬೆಳಿಗ್ಗೆಯಷ್ಟೇ ಬಂಧಿಸಿದ್ದರು. ಮೊಬೈಲ್ ಟವರಿನ ಬ್ಯಾಟರಿ ಕೋಣೆಗೆ ಮೊನ್ನೆ ಮಧ್ಯಾಹ್ನ ಬೆಂಕಿ ಇಟ್ಟು, ಒಳಗಿದ್ದ ಕಾವಲುಗಾರ ಮುಜಾಫರನನ್ನು ಸುಡಲು ನೋಡಿದ ಎಂಬುದು ಅವನ ಮೇಲಿನ ಆರೋಪ. ನಾಳೆ ಬೆಳಿಗ್ಗೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಸಾಕ್ಷಿಯೆಂದರೆ ಬೂದಿಯಲ್ಲಿ ಸಿಕ್ಕ ಒಂದೇ ಒಂದು ಸುಟ್ಟ ಚಪ್ಪಲಿ. ಮಹಜಬೀನ್ ಅದರ ಜೊತೆಯ ಚಪ್ಪಲಿಯನ್ನು ಹುಡುಕಿಕೊಂಡು ಬಂದಿದ್ದಳು.

"ನಾ ಒಳಗ ಬರಂಗಿಲ್ಲವ್ವ," ಎಂದಳು ಮಹಜಬೀನ್. "ಪರದೆ ಒಂದೀಟು ಸರಿಸು. ಹೊರಗಿಂದನ ನೋಡ್ತೀನಿ."

"ಏನ್ ನೋಡ್ತೀರಿ? ದೇವೀನ ಏನು ಪಂಚನಾಮಾ ಮಾಡವರಿದ್ದೀರಿ?"

ಅಂಗಳದಲ್ಲಿ ನಿಂತಿದ್ದ ಕಾನ್‌ಸ್ಟೇಬಲ್ ಮಹೇಶಕುಮಾರ ಕಿಸಕ್ಕೆಂದ. ಮಹಜಬೀನ್ ತಿರುಗಿ ನೋಡಿದ್ದೇ ತಡ, ಅವನು ಗಂಭೀರನಾಗಿ ಬೇವಿನ ಮರದ ತುದಿಯನ್ನು ಪರೀಕ್ಷಿಸತೊಡಗಿದ.

ಸೋನುಬಾಯಿಗೆ ಬೇರೆ ದಾರಿಯಿರಲಿಲ್ಲ. ಸೀರೆ ಸರಿಯಿತು.

ಮಹಜಬೀನ್ ಚಪ್ಪಲಿಯನ್ನು ಮರೆತಳು.

ಗೋಡೆಯ ಬುಡದಲ್ಲಿ ಎಲೆಯ ಹಾಸಿನ ಮೇಲೆ ಹೊಲದ ಕರಿಮಣ್ಣು, ಅದರ ನಡುವೆ ಮಣ್ಣಿನ ಗಡಿಗೆ. ಗಡಿಗೆಯ ಸುತ್ತಲೂ ಹೆಸರಿನ ಸಸಿಗಳು ಒತ್ತಾಗಿ ಎದ್ದು ನಿಂತಿದ್ದವು. ಒಂದಿಂಚೂ ಬಿಟ್ಟ ಜಾಗವಿಲ್ಲ. ಕತ್ತಲ ಕೋಣೆಯ ಘಟದ ಸಸಿ ಹಳದಿಯಾಗಿ ಸೋತಿರುತ್ತದೆ. ಇಲ್ಲಿ ಮಾತ್ರ ಬೆಳಕಿಂಡಿಯಿಂದ ಬಿಸಿಲ ಕೋಲು ನೇರವಾಗಿ ಇಳಿದು, ಎರಡೆರಡು ಎಲೆ ಬಿಚ್ಚಿದ ಹಸಿರು ಕಣ್ಣು ಕುಕ್ಕುತ್ತಿತ್ತು. ಅದೇ ಬೆಳಕಿಂಡಿಯಲ್ಲಿ, ನೀಲಿ ಆಕಾಶವನ್ನು ಗೀರಿದ ಹಾಗೆ, ಟವರಿನ ಕೆಂಪು ಬಿಳಿ ಕಂಬಿಗಳು ಕಾಣುತ್ತಿದ್ದವು.

ಟವರು ಇಷ್ಟು ಹತ್ತಿರವೇ?

"ಕಾಳ ಎಲ್ಲೀದವ್ವಾ ಇದು?"

"ನಮ್ಮವ. ಗಡಗ್ಯಾಗ ಬೂದಿ ಕಲಸಿ ಇಟ್ಟಿದ್ದು. ಕಾಲೇಜಿನ ಬಾಯಿ ಒಯ್ದಳಲ್ರಿ ಟವರ್ ಕೆಳಗ ಬಿತ್ತಾಕ, ಅದೇ ಗಡಗೀವು."

ಆ ಕಾಲೇಜಿನ ಬಾಯಿ ಸೋನಾಲಿ. ಬಸವಕಲ್ಯಾಣದಲ್ಲಿ ಸಸ್ಯಶಾಸ್ತ್ರ ಕಲಿಸುವವಳು, ಮಹಜಬೀನಳಿಗೆ ಬಿ.ಎಸ್ಸಿ.ಯಿಂದ ಗೆಳತಿ. ಟವರಿನ ಅಲೆಗಳು ಕಾಳಿನ ಮೊಳಕೆಗೆ ಏನು ಮಾಡುತ್ತವೆ ಎಂದು ನೋಡಲು ಅವಳು ಒಂದು ಟ್ರೇ ಕಾಳನ್ನು ಟವರಿನ ಬುಡದಲ್ಲಿ, ಇನ್ನೊಂದನ್ನು ದೂರದ ಮನ್ನಾಏಖೇಳ್ಳಿಯ ಒಂದು ಹೊಲದಲ್ಲಿ ಬಿತ್ತಿದ್ದಳು. ದೂರದ್ದು ಮೊಳೆಯಿತು. ಬುಡದ್ದು ಮೊಳೆಯಲೇ ಇಲ್ಲ. ಹೋದ ವಾರ ಪಂಚಾಯತಿ ಕಟ್ಟೆಯ ಮೇಲೆ ನಿಂತು ಅವಳು ಅದನ್ನು ಓದಿ ಹೇಳಿದ ಮೇಲೆಯೇ ಊರು ಹೊತ್ತಿಕೊಂಡದ್ದು. ಎಲ್ಲರಿಗಿಂತ ಜೋರಾಗಿ ಕೂಗಿದವನು ವೈಜಿನಾಥ. ಟವರು ಬಂದಾಗಿನಿಂದ ತನ್ನ ಹೊಲದ ಬೆಳೆ ಸೊರಗಿದೆ ಎಂದು ಅವನು ಮೊದಲಿನಿಂದಲೂ ಹೇಳುತ್ತಿದ್ದ.

ಅದೇ ಗಡಿಗೆಯ ಕಾಳು ಅದೇ ಟವರಿನ ನೆರಳಲ್ಲಿ ಇಲ್ಲಿ ಹಬ್ಬ ಮಾಡುತ್ತಿತ್ತು.

"ಇದನ್ನ ಊರಾಗ ಯಾರಿಗೂ ತೋರಿಸಲಿಲ್ಲ್ಯಾಕ ನೀ?"

ಸೋನುಬಾಯಿ ಘಟದ ಮುಂದಿನ ದೀಪಕ್ಕೆ ಎಣ್ಣೆ ಹಾಕಿದಳು, ಎಡಗೈಯಿಂದ. ಎಣ್ಣೆ ಬತ್ತಿಯ ಮೇಲೆ ಬೀಳದೆ ಹಣತೆಯ ಅಂಚಿಗೆ ಚೆಲ್ಲಿತು.

"ನನ್ನ ಮಗಾ ಕಟ್ಟಿ ಮ್ಯಾಲ ಕುಂತು ಟವರ್ ಕೆಳಗ ಕಾಳ ಮಳಿಯಂಗಿಲ್ಲ ಅಂತ ಒದರಾಕತ್ತಾನ. ಮನ್ಯಾಗ ನೋಡಿದ್ರ ದೇವಿ ಹಸರ ಸೀರಿ ಉಟ್ಟು ಕುಂತಾಳ. ನಾ ಯಾರ ಮಾತ ಸುಳ್ಳ ಮಾಡ್ಲಿ ಬಾಯಾರ? ಮಗಂದೋ, ದೇವೀದೋ? ಅದಕ್ಕ ಪರದಿ ಕಟ್ಟಿದೆ."

ಎಷ್ಟು ಮನೆಗಳಲ್ಲಿ ಎಷ್ಟು ಹೆಂಗಸರು ಹೀಗೆ ಒಂದು ಸೀರೆಯ ಮರೆಯಲ್ಲಿ ಸತ್ಯವನ್ನು ನೀರು ಹಾಕಿ ಬೆಳೆಸುತ್ತಾರೋ.

"ಕಾಳಿಗೆ ನೀ ಏನಾರ ಮಾಡಿದ್ದೇನು? ಬಿಸಲಿಗೆ ಹಾಕಿದ್ದು, ಔಷಧ ಹಚ್ಚಿದ್ದು?"

"ಏ, ಇಲ್ರೀ. ಬಿತ್ತೋ ಕಾಳ ಬೆಂಕಿ ಸೈತ ಕಾಣಬಾರದು. ಒಲಿ ಇದ್ದ ಕ್ವಾಣಿಗೂ ನಾವು ಒಯ್ಯಂಗಿಲ್ಲ."

"ವೈಜಿನಾಥನ ಚಪ್ಪಲಿ ಎಲ್ಲವ?"

"ಬಾಗಲದಾಗ ಇರ್ತಿದ್ದು. ಘಟ ಕುಂತಾಗಿಂದ ಅಂವ ಬರಿಗಾಲಲೇ ಅದಾನ, ತುಳಜಾಪುರದ ತಾಯಿದು ಹರಕಿ. ಟಾಯರ್ ಅಟ್ಟೀವು. ಒಂದರ ಪಟ್ಟಿ ಹರದಿತ್ತಂತ ಹುಮನಾಬಾದದಾಗ ನೀಲಿ ಪಟ್ಟಿ ಹಚ್ಚಿಸ್ಕೊಂಡು ಬಂದಿದ್ದ. ಮೊನ್ನಿಂದ ಕಾಣವೊಲ್ಲವು."

"ನಿನ್ನ ಮಗಾ ಒಪ್ಕೊಂಡಾನವ್ವ. ಸುಟ್ಟ ಚಪ್ಪಲಿ ತೋರಿಸಿದ ಕೂಡ್ಲೇ 'ನಂದೇ ರೀ' ಅಂದಾನ."

"ನಂದು ಅಂದನಾ?"

ಸೋನುಬಾಯಿ ಹೊಸ್ತಿಲ ಮೇಲೆಯೇ ಕುಸಿದಳು. ಅವಳ ಬಲಗೈ ಸೆರಗಿನಿಂದ ಜಾರಿತು. ಅಂಗೈಗೆ ಅಡ್ಡಲಾಗಿ ದಪ್ಪಗೆ ಅರಿಶಿನ ಮೆತ್ತಿಕೊಂಡಿದ್ದಳು.

"ಕೈಗೇನಾತು?"

"ದೀಪ ತಾಕಿತ್ರಿ." ಕೈ ಮತ್ತೆ ಸೆರಗು ಸೇರಿತು. "ಅಂವ... ತಾನಾಗೇ ಅಂದನಾ?"

ಹೆತ್ತವಳ ಸಂಕಟ, ಕೆದಕಬಾರದು ಎಂದುಕೊಂಡು ಮಹಜಬೀನ್ ಅಂಗಳಕ್ಕೆ ಇಳಿದಳು. ಬಾಗಿಲ ಪಕ್ಕದಲ್ಲಿ, ಬುಟ್ಟಿಯ ಹಿಂದೆ, ಒಂದು ಜೊತೆ ಹೆಂಗಸರ ಚಪ್ಪಲಿ ಇತ್ತು. ಮೆರೂನ್ ಬಣ್ಣದ ಪಟ್ಟಿ, ಬಲಗಾಲಿನ ಹಿಮ್ಮಡಿ ಒಂದು ಕಡೆಗೆ ಸವೆದದ್ದು. ಕಳೆದ ರಂಜಾನಿನ ಸಂತೆಯಲ್ಲಿ ಮಾಣಿಕನಗರದ ಅಂಗಡಿಯ ಮುಂದೆ ನಿಂತು ಮಹಜಬೀನಳೇ ಆರಿಸಿ ಕೊಟ್ಟದ್ದು. ಒಂದು ಕಡೆಗೆ ಒತ್ತಿ ನಡೆಯುವ ಆ ಕಾಲು ಯಾರದೆಂದು ಅವಳಿಗೆ ಕೇಳಬೇಕಾಗಿರಲಿಲ್ಲ.

ಆದರೂ ಕೇಳಿದಳು.

"ಕಾಲೇಜಿನ ಬಾಯೀವು," ಎಂದಳು ಸೋನುಬಾಯಿ. "ಬೆಂಕಿ ಬಿದ್ದ ದಿನ ಮಧ್ಯಾಹ್ನ ಬಂದಿದ್ದಳು. ದೇವರಿಗೆ ಕೈ ಮುಗೀತೀನಿ ಅಂದಳು, ಪರದಿ ಸರಿಸಿದೆ. ಘಟ ನೋಡಿ ಹಂಗ ನಿಂತಬಿಟ್ಟಳ್ರಿ, ಹಾವ ಕಂಡಂಗ. ಪ್ರಸಾದ ಸೈತ ತಗೊಳ್ಳಲಿಲ್ಲ, ಓಡಿದಳು. ತನ್ನ ಚಪ್ಪಲಿ ಬಿಟ್ಟು ಯಾವ ಮೆಟ್ಟಿಗೊಂಡು ಹೋದಳೋ."

ಮಹೇಶಕುಮಾರ ಹತ್ತಿರ ಬಂದ. "ಮೇಡಮ್ಮೋರ, ಅಂವ ಒಪ್ಕೊಂಡಾನ. ನಾವ್ಯಾಕ ಈ ಬಿಸಲಾಗ ಹೆಣ್ಣುಮಕ್ಕಳ ಚಪ್ಪಲಿ ಎಣಸಾಕತ್ತೀವಿ? ಮನ್ಯಾಗ ನಮ್ಮಾಕಿ ಕೇಳಿದ್ರ ಏನ್ ಹೇಳ್ಲಿ?"

"ಚಪ್ಪಲಿ ಎಣಸಾಕ ಕಲ್ತೀನಿ ಅಂತ ಹೇಳು. ಮನಿಗಿ ಯಾರ ಬಂದ್ರು ಯಾರ ಹೋದ್ರು ಗೊತ್ತಾಗ್ತದ."

ಅವನು ನಕ್ಕ. ಅವಳು ನಗಲಿಲ್ಲ. ಚಪ್ಪಲಿಗಳನ್ನು ಚೀಲಕ್ಕೆ ಹಾಕಿದಳು. ಜಪ್ತಿ ಎಂದು ಬರೆಸಬೇಕಿತ್ತು, ಬರೆಸಲಿಲ್ಲ. ಆ ಕ್ಷಣಕ್ಕೇ ಅವಳಿಗೆ ಗೊತ್ತಿತ್ತು, ಇದು ಮುಂದೆ ಕಾಡುತ್ತದೆ ಎಂದು.

ಅವಳು ಜೀಪು ಹತ್ತುವಾಗ ಸೋನುಬಾಯಿ ದಾರಿಯ ತನಕ ಬಂದಳು, ಕಪ್ಪು ಹೆಂಟೆಗಳ ಮೇಲೆ, ಜಾಲಿಮುಳ್ಳಿನ ನಡುವೆ.

"ನೀನೂ ಬರಿಗಾಲ ಹರಕಿ ಹೊತ್ತೀಯೇನವ್ವ?"

"ನನ್ನ ಹರಕಿ ಬ್ಯಾರೆರಿ," ಎಂದಳು ಮುದುಕಿ. ಮತ್ತೆ, "ಬಾಯಾರ, ಒಂದ ಮಾತ..." ಎಂದು ಜೀಪಿನ ಬಾಗಿಲು ಹಿಡಿದಳು. ಮಹೇಶಕುಮಾರ ಗಾಡಿ ಚಾಲೂ ಮಾಡಿದ. ಅವನ ಕಡೆ ನೋಡಿ ಬಾಗಿಲು ಬಿಟ್ಟುಬಿಟ್ಟಳು.

*

ಹುಮನಾಬಾದಿನಲ್ಲಿ ಮಹೇಶಕುಮಾರನನ್ನು ಇಳಿಸಿ, ಬಸವಕಲ್ಯಾಣದ ದಾರಿಗೆ ಹೊರಳುವಾಗ ಫೋನು ಬಂತು. ಮುಜಾಫರನ ಹೆಂಡತಿ ಆರ್ಜೂ, ಬೀದರಿನ ಆಸ್ಪತ್ರೆಯಿಂದ.

"ಆಪಾ, ಇನ್ನಾ ಕಣ್ಣ ತೆರದಿಲ್ರಿ."

"ತೆರೀತಾನ. ನೀ ಏನಾರ ತಿಂದೀಯಾ?"

"ಟವರ್ ಸಾಹೇಬ್ ಅಂತ ಚೇಷ್ಟಿ ಮಾಡ್ತಿದ್ದೆ ನಾ ಅವರಿಗಿ. ಮನಿಗಿಂತ ಅದನ್ನ ಹೆಚ್ಚ ನೋಡ್ಕೋತಿದ್ರು." ಆರ್ಜೂ ಮೂಗೆಳೆದುಕೊಂಡಳು. "ಒಂದ ಮಾತ ನಿಮಗ ಹೇಳಿದ್ದಿಲ್ರಿ, ಗಾಬರ್ಯಾಗ ಮರತಿದ್ದೆ. ಗಾಡ್ಯಾಗ ಒಯ್ಯುವಾಗ ಅವರು ಅಂದ್ರು, 'ಹೊರಗಿಂದ ಚಿಲಕಾ ಹಾಕಿದ್ರು' ಅಂತ. ಆಮ್ಯಾಲ ಅಂದ್ರು, 'ಯಾರೋ ತೆಗದ್ರು'. ಅಷ್ಟ. ಮತ್ತ ಮಾತಿಲ್ಲ."

ಹಾಕಿದರು. ತೆಗೆದರು.

ಊರವರು ಓಡಿ ಬಂದಾಗ ಮುಜಾಫರ್ ಬಾಗಿಲ ಹೊರಗೆ ಮಣ್ಣಿನ ಮೇಲೆ ಬಿದ್ದಿದ್ದ. ತೆವಳಿ ಬಂದಿರಬೇಕು ಎಂದು ಎಲ್ಲರೂ ತಿಳಿದಿದ್ದರು. ತಾನು ಚಿಲಕ ತೆಗೆದೆ ಎಂದು ಈವರೆಗೆ ಯಾರೂ ಮುಂದೆ ಬಂದಿರಲಿಲ್ಲ. ಒಂದು ಜೀವ ಉಳಿಸಿದವರು ಯಾಕೆ ಅಡಗಿ ಕೂರಬೇಕು?

*

ಬಸವಕಲ್ಯಾಣದ ಮನೆಯ ಪಡಸಾಲೆಯಲ್ಲಿ ಅಮ್ಮಿ ಕುಲ್ಸುಮ್ ಬೀ ಮೊರ ಹಿಡಿದು ತೊಗರಿ ಕೇರುತ್ತ ಕೂತಿದ್ದಳು. ಸಾಸಿವೆಯಷ್ಟಿರುವ ಕುಟ್ಟೆಹುಳು ಮೊರದ ಅಂಚಿಗೆ ಬಂದರೆ ಬೆರಳಿಂದ ಚಿಮ್ಮುವಳು.

"ಅರೆ, ಇಷ್ಟ ಲಗೂ ಬಂದಿ? ಕಳ್ಳರು ರಜಾ ಹಾಕ್ಯಾರೇನು ಇವತ್ತ?"

"ಸೋನಾಲಿ ಮ್ಯಾಲ ಅದಾಳೇನು ಅಮ್ಮಿ?"

"ಇದ್ದಾಳ. ಎರಡ ದಿನಾ ಆತು ರೊಟ್ಟಿ ಒಯ್ದಂಗ ವಾಪಸ್ ತರಾಕತ್ತೀನಿ. ಅಕಿಗೊಂದ ಚಲೋ ಗಂಡನ್ನ ನೋಡಿದ್ದಿದ್ರ ಹಿಂಗ ಕಾಳಿನ ಚಿಂತ್ಯಾಗ ಸೊರಗ್ತಿದ್ದಿಲ್ಲ."

"ಗಂಡನ ಚಿಂತ್ಯಾಗ ಸೊರಗ್ತಿದ್ದಳು."

"ಹೋಗ್ ಹೋಗ್, ಬಾಯಿ ನೋಡು ಪೊಲೀಸಿಂದು."

ಮೇಲಿನ ಕೋಣೆ ಸೋನಾಲಿಯದು. ಬಾಡಿಗೆಗೆಂದು ಬಂದವಳು ಮನೆಯವಳಾಗಿ ವರ್ಷಗಳೇ ಆಗಿವೆ. ಮೆಟ್ಟಿಲು ಹತ್ತುತ್ತ ಮಹಜಬೀನಳಿಗೆ ಕಾಲೇಜಿನ ಕೊನೆಯ ವರ್ಷ ನೆನಪಾಯಿತು. ಇಬ್ಬರೂ ಸೇರಿ ಕಡಲೆಕಾಳಿನ ಅಕ್ಕಪಕ್ಕ ಅಯಸ್ಕಾಂತ ಇಟ್ಟು ಮೊಳಕೆ ಯಾವ ಕಡೆ ಬಾಗುತ್ತದೆ ಎಂದು ಕಾಯುತ್ತಿದ್ದರು. ಕಾಳು ಎಲ್ಲಿಯೂ ಬಾಗಲಿಲ್ಲ, ಮಹಜಬೀನ್ ಬಾಗಿದಳು. ಪರೀಕ್ಷೆ ಬರೆದು ಖಾಕಿ ತೊಟ್ಟಳು. ಸೋನಾಲಿ ಮಾತ್ರ ಅಲ್ಲೇ ಕೂತಳು, ಅದೇ ಪ್ರಶ್ನೆಯ ಮುಂದೆ. ಕಣ್ಣಿಗೆ ಕಾಣದ್ದು ಕಾಳಿಗೆ ಏನು ಮಾಡುತ್ತದೆ? ಆ ಒಂಟಿತನದ ಪಕ್ಕ ತಾನೊಂದು ದಿನವಾದರೂ ಕೂತು ಕೇಳಲಿಲ್ಲವಲ್ಲ ಎನ್ನುವುದು ಈಗ, ಕೈಯಲ್ಲಿ ಚಪ್ಪಲಿಯ ಚೀಲ ಹಿಡಿದುಕೊಂಡಾಗ, ಅವಳಿಗೆ ನಾಟಿತು.

ತಾರಸಿಯಲ್ಲಿ ಸೋನಾಲಿ ಬೆನ್ನು ತಿರುಗಿಸಿ ನಿಂತಿದ್ದಳು. ತ್ರಿಪುರಾಂತ ಕೆರೆಯ ಕಡೆಯಿಂದ ಗಾಳಿ ಬರುತ್ತಿತ್ತು. ಅವಳ ಕಾಲ ಬಳಿ ಒಂದು ಟ್ರೇ. ಅದರಲ್ಲಿ ಘಾಟಬೋರಾಳದ ಕರಿಮಣ್ಣು, ಬಿರುಕು ಬಿಟ್ಟದ್ದು.

ಮಹಜಬೀನ್ ಮೆರೂನ್ ಚಪ್ಪಲಿಗಳನ್ನು ಟ್ರೇಯ ಪಕ್ಕ ಇಟ್ಟಳು.

ಸೋನಾಲಿ ತಿರುಗಿ ನೋಡಿದಳು. "ಬಂದಿಯಲ್ಲ," ಎಂದಳು ಮೆತ್ತಗೆ. "ನೀ ಬಂದ ಮ್ಯಾಲ ಹೇಳ್ಬೇಕಂತ ಕುಂತಿದ್ದೆ. ನೀ ಬರೂದ ಬ್ಯಾಡ ಅಂತಾನೂ ಕುಂತಿದ್ದೆ."

"ಘಟ ನೋಡ್ದಿ."

"ನೋಡ್ದೆ."

"ಮತ್ತ?"

"ಮತ್ತೇನು. ನನ್ನ ಟ್ರೇದಾಗ ಸತ್ತ ಕಾಳಿನ ಅಕ್ಕತಂಗೇರು ಅಲ್ಲಿ ತಲಿ ಎತ್ತಿ ನಿಂತಿದ್ದು. ನಾ ಊರ ಮುಂದ ನಿಂತು ಓದಿದ್ದು ಸುಳ್ಳು ಅಂತ ಒಂದೊಂದೂ ಹೇಳಾಕತ್ತಿದ್ದು. ಟವರಿನ ಬುಡಕ್ಕ ಓಡಿದೆ. ಆ ಟ್ರೇ ಯಾರ ಕೈಗೂ ಸಿಗೂದರಾಗ ತರಬೇಕನಿಸ್ತು, ಮಣ್ಣ ತೋಡಿ ನೋಡ್ಬೇಕನಿಸ್ತು."

"ಮುಜಾಫರ್ ಇದ್ದ."

"ಇದ್ದ. ಬ್ಯಾಟರಿ ಕೋಣ್ಯಾಗ." ಸೋನಾಲಿಯ ಧ್ವನಿ ಇಳಿಯಿತು. "ಬಾಗಲಾ ಅರ್ಧ ತೆರದಿತ್ತು. ಅವನ ಬೆನ್ನು ಕಾಣ್ತಿತ್ತು. ನಾ ಹೋದಾಗೆಲ್ಲ ಮೇಡಮ್ ಚಹಾ ಮಾಡ್ಲೇನು ಅಂತಾನ, ಏನ್ ಒಯ್ಯಾಕತ್ತೀರಿ ಅಂತ ಕೇಳ್ತಾನ. ಆವತ್ತು ಅವನ ಮಾರಿ ನೋಡೂ ತಾಕತ್ತ ನನಗಿದ್ದಿಲ್ಲ. ಒಂದ ಘಳಿಗಿ ಅವನು ಹೊರಗ ಬರಬಾರದು ಅಷ್ಟ."

ಮಹಜಬೀನಳಿಗೆ ಆ ಮುಂದಿನ ಮಾತು ಬೇಡವಾಗಿತ್ತು.

"ಚಿಲಕಾ ನಾನೇ ಹಾಕ್ದೆ, ಮಹಜಬೀನ್."

ಕೆಳಗೆ ಅಮ್ಮಿಯ ಮೊರ ಸದ್ದು ಮಾಡುತ್ತಿತ್ತು, ಚಟಚಟ, ಚಟಚಟ.

"ಹೋಗೂಮುಂದ ತೆಗೀತೀನಿ ಅಂತ ಹಾಕಿದ್ದು. ಟ್ರೇ ಎತ್ತಿಕೊಂಡೆ. ಮಣ್ಣಾಗ ಕಾಳ ಕಪ್ಪಾಗಿ ಕೊಳತು ಕುಂತಿದ್ದು. ಅದನ್ನ ನೋಡ್ಕೋತ ಹೊಲದ ಹಾದಿ ಹಿಡದೆ. ರೋಡಿಗೆ ಬಂದು ಸ್ಕೂಟಿ ಚಾಲೂ ಮಾಡಿ ಹಿಂದ ನೋಡಿದ್ರ ಹೊಗಿ. ಯಾರೋ ಹೊಲದ ಕಸ ಸುಡಾಕತ್ತಾರ ಅನ್ಕೊಂಡೆ. ಸಂಜೀಕ ಸುದ್ದಿ ಬಂತು. ಚಿಲಕಾ ನೆನಪಾಗಿದ್ದು ಆಗ."

"ಬೆಂಕಿ?"

"ನಾ ಹಚ್ಚಿಲ್ಲ. ಅದನ್ನ ನೀ ನಂಬು ಅಂತ ಹ್ಯಾಂಗ ಹೇಳ್ಲಿ? ಹಚ್ಚಿದವರಿಗಿಂತ ನಾ ಕಡಿಮಿ ಏನಲ್ಲ. ಅವರಿಗಿ ಒಳಗ ಮನಷ್ಯಾ ಅದಾನ ಅಂತ ಗೊತ್ತಿತ್ತೋ ಇಲ್ಲೋ. ನನಗ ಗೊತ್ತಿತ್ತು."

ಮಹಜಬೀನ್ ತಾರಸಿಯ ಗೋಡೆಗೆ ಒರಗಿದಳು. ಬೈಯಬೇಕೆನಿಸಿತು. ಸಾವಿರ ಸಲ ಕಳ್ಳರಿಗೆ ಕೇಳಿದ ಪ್ರಶ್ನೆಯನ್ನೇ ಕೇಳಿದಳು.

"ಎರಡ ದಿನಾ ಸುಮ್ಮ ಯಾಕ ಕುಂತಿ? ಅಲ್ಲಿ ಒಬ್ಬಾವ ಲಾಕಪ್ಪಿನಾಗ ಅದಾನ."

ಸೋನಾಲಿ ಕೋಣೆಯೊಳಗಿಂದ ಒಂದು ಕಾಗದದ ಪೊಟ್ಟಣ ತಂದಳು. "ಟವರಿನ ಟ್ರೇಗೆ ಹಾಕಿ ಉಳಿದದ್ದು. ವಾಸನಿ ನೋಡು."

ಮಹಜಬೀನ್ ಮೂಗಿನ ಹತ್ತಿರ ಹಿಡಿದಳು. ತೀರಾ ತೆಳ್ಳಗೆ, ಆದರೆ ಸ್ಪಷ್ಟವಾದ ವಾಸನೆ. ಉಂಡಿ ಕಟ್ಟುವ ಮೊದಲು ಮನೆಯೆಲ್ಲ ಹಬ್ಬುವ, ಹುರಿದ ಹೆಸರಿನ ವಾಸನೆ.

"ಬಣ್ಣದ ಪರೀಕ್ಷೆ ಮಾಡ್ದೆ," ಎಂದಳು ಸೋನಾಲಿ. "ನೆನಪದ ಅಲ್ಲ? ಜೀವ ಇದ್ದ ಕಾಳಿನ ಹೊಟ್ಟಿ ಕೆಂಪಾಗ್ತದ. ಸತ್ತದ್ದು ಬಿಳಿ ಉಳೀತದ. ಎಲ್ಲಾ ಬಿಳಿ. ಟವರ್ ಕೆಳಗ ಹೋಗೂಕಿಂತ ಮೊದಲ ಸತ್ತಿದ್ದು ಅವು. ನಾ ಹೆಣಾ ಬಿತ್ತಿ ಮೊಳಕಿ ಕಾಯ್ಕೋತ ಕುಂತಿದ್ದೆ."

"ಯಾರ ಹುರದ್ರು?"

"ಅದನ್ನ ಬಿಡು."

"ಬಿಡು ಅಂದ್ರ?"

"ತಪ್ಪ ನಂದು ಅಂತ ಬರಕೋ. ಎರಡೂ ಪೊಟ್ಟಣ ಮತ್ತ ಕೂಡಿಸಿ ಕಲಸಿ ಹಂಚಬೇಕಿತ್ತು. ವರ್ಷಾ ವರ್ಷಾ ಹುಡುಗರಿಗೆ ಇದ ಪಾಠಾ ಮಾಡ್ತೀನಿ. ಒಂದ ಸಲಾ ಸಾಲಂಗಿಲ್ಲ, ಮತ್ತ ಬಿತ್ತಿ ನೋಡ್ಬೇಕು ಅಂತೀನಿ. ನನಗ ಉತ್ತರಾ ಮೊದಲ ಗೊತ್ತಿತ್ತು ನೋಡು, ಅದಕ್ಕ ಕೇಳೂದ ಬಿಟ್ಟೆ. ಒಂದ ಕಡೆ ಈ ಅಲಿ ಹಿತಾ ಅಂತಾರ, ಇನ್ನೊಂದ ಕಡೆ ಕೇಡು ಅಂತಾರ, ದೂರದ ಟವರಿಂದ ಏನೂ ಆಗೂದಿಲ್ಲ ಅನ್ನವರ ಹೆಚ್ಚು. ನಾ ಕೇಡ ಹುಡುಕಾಕ ಹೋದೆ. ಹುಡುಕಿದವರಿಗೆ ಸಿಗ್ತದ."

ಮೆಟ್ಟಿಲ ಮೇಲೆ ಏದುಸಿರು ಕೇಳಿತು. ಕುಲ್ಸುಮ್ ಬೀ ಒಂದು ಸ್ಟೀಲಿನ ತಾಟು ಹಿಡಿದು ಬಂದಳು.

"ಇಬ್ಬರೂ ಮಾರಿ ಯಾಕ ಹಿಂಗ ಮಾಡೀರಿ? ತಗೋ ಸೋನಾಲಿ, ಕೆಳಗ ಕಿಡಕ್ಯಾಗ ಇಟ್ಟಿದ್ದೆಲ್ಲ, ನಿನ್ನ ಕಡಲಿ. ಇದಕ್ಕೂ ಹುಳಾ ಹತ್ತಿದ್ದು. ಒಂದ ಸುತ್ತು ಡಬ್ಬ್ಯಾಗ ಇಟ್ಟು ತೆಗದೀನಿ, ಹೆಸರಿಗೆ ಮಾಡಿದಂಗ. ಒಂದ ಹುಳಾ ಉಳದಿಲ್ಲ."

ತಾಟಿನ ಕಡಲೆ ಇನ್ನೂ ಬೆಚ್ಚಗಿತ್ತು.

"ಯಾವ ಹೆಸರು ಅಮ್ಮಿ?" ಎಂದಳು ಮಹಜಬೀನ್. ತನ್ನ ಧ್ವನಿ ತನಗೇ ದೂರದಿಂದ ಕೇಳಿತು.

"ಅದ, ಬೂದಿ ಹಚ್ಚಿದ್ದು, ಹಳ್ಳಿಯಿಂದ ತಂದಿದ್ದಳಲ್ಲ. ಎರಡ ಪೊಟ್ಟಣದಾಗ ಒಂದಕ್ಕ ಹುಳಾ ಇದ್ದು. ಬಿತ್ತೋ ಕಾಳ ಅಂತ ನನಗ ಗೊತ್ತು ಬೇಟಿ, ನಾನೂ ಒಕ್ಕಲಗೇರ ನೆರಿಮನ್ಯಾಗ ಬೆಳದಾಕಿ. ಬಿತ್ತೋ ಕಾಳಿಗಿ ಬೆಂಕಿ ತೋರಸಬಾರದು. ಅದಕ್ಕ ಒಲಿ ಮ್ಯಾಲ ಇಡಲಿಲ್ಲ. ಈ ಡಬ್ಬ್ಯಾಗ ಬೆಂಕಿ ಎಲ್ಲದ? ಬರೇ ದೀಪಾ ಹತ್ತತದ, ಗರಗರ ತಿರಗತದ."

ಆ ಡಬ್ಬಿಯನ್ನು, ಮೈಕ್ರೊವೇವ್ ಒಲೆಯನ್ನು, ಅಮ್ಮಿಯ ಕೈಗೆ ಹೊಗೆ ತಾಗದಿರಲಿ ಎಂದು ತಂದುಕೊಟ್ಟವಳು ಮಹಜಬೀನಳೇ.

ಅವಳು ಸೋನಾಲಿಯನ್ನು ನೋಡಿದಳು. ಸೋನಾಲಿ ಕಣ್ಣಲ್ಲೇ ಬೇಡ ಎಂದಳು. ಎರಡು ದಿನದ ಮೌನದ ಅರ್ಥ ಅಷ್ಟೇ ಆಗಿತ್ತು: ದಿನವೂ ರೊಟ್ಟಿ ಹೊತ್ತು ಮೆಟ್ಟಿಲು ಹತ್ತುವ ಈ ಮುದುಕಿಗೆ ಅದು ತಿಳಿಯಬಾರದು.

ಕಾಳು ಸತ್ತದ್ದು ಅಲೆಗಳಿಂದಲೇ. ಅಷ್ಟರ ಮಟ್ಟಿಗೆ ಸೋನಾಲಿ ಸುಳ್ಳು ಹೇಳಿರಲಿಲ್ಲ. ಆದರೆ ಆ ಅಲೆ ಆಕಾಶದ ಟವರಿನದಲ್ಲ, ಕೆಳಗಿನ ಅಡುಗೆಮನೆಯದು. ಊರಾಚೆಯ ದೀಪವೂ ಬೆಳಕೇ, ಒಲೆಯೊಳಗಿನ ಕೆಂಡವೂ ಬೆಳಕೇ. ಕೈ ಇಟ್ಟವರಿಗೆ ಗೊತ್ತು ಅಂತರ.

"ಚಲೋ ಮಾಡಿದಿರಿ ಅಮ್ಮಿ," ಎಂದಳು ಸೋನಾಲಿ. ತಾಟು ತೆಗೆದುಕೊಂಡಳು. "ಇಡ್ರಿ, ನಾ ಬರ್ತೀನಿ, ಊಟಾ ಮಾಡೂನು."

ಕುಲ್ಸುಮ್ ಬೀ ಖುಷಿಯಿಂದ ಇಳಿದು ಹೋದಳು. ಒಂದು ದಿನ ಅವಳಿಗೆ ಹೇಳಲೇಬೇಕಾಗುತ್ತದೆ. ಕೋರ್ಟಿನಲ್ಲಿ ಯಾರೋ ಕಪ್ಪು ಕೋಟಿನವರು ಕೇಳುವ ಮೊದಲು ಮಗಳೇ ಹೇಳಬೇಕು. ಆ ಮಾತಿಗೆ ಎಂಥ ಶಬ್ದಗಳು ಬೇಕಾಗುತ್ತವೋ.

"ನಡಿ," ಎಂದಳು ಸೋನಾಲಿ. "ಅಕಿ ಜೋಡಿ ಎರಡ ತುತ್ತು ತಿಂದು ಬರ್ತೀನಿ, ಆಮ್ಯಾಲ ಠಾಣೆಗೆ. ಚಿಲಕದ ಮಾತ ಬರಸ್ತೀನಿ. ವೈಜಿನಾಥ ಹೊರಗ ಬರ್ಲಿ."

"ಬರ್ತಾನ. ಅವನ ಮ್ಯಾಲ ಇದ್ದದ್ದು ಚಪ್ಪಲಿ ಒಂದ. ಅವನ ಚಪ್ಪಲಿ ನೀ ಮೆಟ್ಟಿಗೊಂಡು ಹೋಗಿದ್ದಿ, ಗಾಬರ್ಯಾಗ ಅಲ್ಲೇ ಬಿಟ್ಟು ಬಂದಿ. ಅಷ್ಟು ಬರದ್ರ ಸಾಕು."

ಸೋನಾಲಿ ಹುಬ್ಬು ಗಂಟಿಕ್ಕಿದಳು. "ಬಿಟ್ಟು ಬಂದೆ ಅಂತ ಯಾರಂದ್ರು?"

"ಮತ್ತ?"

"ಮೆಟ್ಟಿಗೊಂಡು ಮನೀತನಕ ಬಂದೀನಿ. ಇಲ್ಲೇ ಅವ."

ಅವಳು ನೀರಿನ ಟಾಕಿಯ ಹಿಂದಿನಿಂದ ಎಳೆದು ತಂದಳು. ದಪ್ಪ ಟಯರಿನ ಅಟ್ಟೆ, ಹೊಲದ ಮಣ್ಣು ಒಣಗಿ ಹತ್ತಿದ್ದ ಗಂಡಸಿನ ಚಪ್ಪಲಿಗಳು. ಎರಡೂ ಇದ್ದವು. ಒಂದರ ಪಟ್ಟಿ ನೀಲಿ.

ಮಹಜಬೀನ್ ಅವನ್ನು ಮುಟ್ಟಲಿಲ್ಲ. ಠಾಣೆಯ ಮೇಜಿನ ಮೇಲಿದ್ದ ಸುಟ್ಟ ಚಪ್ಪಲಿ ಅವಳ ಕಣ್ಣ ಮುಂದೆ ಬಂತು. ಅದಕ್ಕೂ ಟಯರಿನ ಅಟ್ಟೆಯೇ, ಆ ಊರಲ್ಲಿ ಹೊಲಕ್ಕೆ ಹೋಗುವ ಗಂಡಸರು ಹೆಂಗಸರು ಎಲ್ಲರೂ ಮೆಟ್ಟುವಂಥದು. ಬೆಂಕಿಗೆ ಮುದುಡಿ ಅಳತೆಯೇ ತಿಳಿಯುತ್ತಿರಲಿಲ್ಲ. ವೈಜಿನಾಥ ಅದನ್ನು ಒಮ್ಮೆ ನೋಡಿದ್ದ. ತಕ್ಷಣ, ಯಾರೂ ಹೊಡೆಯುವ ಮೊದಲೇ, ಗದರುವ ಮೊದಲೇ, ನಂದೇ ರೀ ಎಂದಿದ್ದ.

ತನ್ನದಲ್ಲದ ಚಪ್ಪಲಿಯನ್ನು ಗಂಡುಮಗ ಯಾರಿಗಾಗಿ ತನ್ನದು ಎನ್ನುತ್ತಾನೆ?

ಕಪ್ಪು ಹೆಂಟೆಗಳ ಮೇಲೆ ನಡೆದು ಬಂದ, ಚಪ್ಪಲಿಯೇ ಇಲ್ಲದ ಸೋನುಬಾಯಿಯ ಪಾದಗಳು ನೆನಪಾದವು. ನನ್ನ ಹರಕಿ ಬ್ಯಾರೆರಿ. 'ನಂದು ಅಂದನಾ?' ಎಂದು ಕುಸಿದಾಗ ಆ ಮುಖದಲ್ಲಿದ್ದದ್ದು ಬರೀ ಸಂಕಟವಲ್ಲ, ದಿಗಿಲು. ಸೆರಗಿನಿಂದ ಜಾರಿದ ಬಲಗೈ, ಅಂಗೈಗೆ ಅಡ್ಡಲಾಗಿ, ಕಾದ ಚಿಲಕದಷ್ಟೇ ಅಗಲದ ಅರಿಶಿನದ ಗೆರೆ.

ದೀಪದ ಕುಡಿ ಹಾಗೆ ಗೆರೆ ಎಳೆದು ಸುಡುವುದಿಲ್ಲ.

"ಏನಾತು?" ಎಂದಳು ಸೋನಾಲಿ.

ಮಹಜಬೀನ್ ಬೆಳಗಿನಿಂದ ಎಳೆಯುತ್ತಿದ್ದ ದಾರದ ಇನ್ನೊಂದು ತುದಿಗೆ ವೈಜಿನಾಥನ ತಾಯಿ ಇದ್ದಳು. ಆ ಕೈ ಚಿಲಕ ತೆಗೆದದ್ದು ನಿಜ. ಒಂದು ಜೀವ ಉಳಿಸಿದ ಕೈಯನ್ನು ಮುದುಕಿ ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದಳು; ಅದಕ್ಕಿಂತ ಮೊದಲು ಆ ಬೆಂಕಿ ಇಟ್ಟದ್ದೂ ಅದೇ ಕೈಯೇ?